ಮಾದರಿ ಹಾಯಿದೋಣಿ

ಸಮುದ್ರವನ್ನು ಕಣ್ಣಾರೆ ಕಾಣದವನು ಹಾಯಿದೋಣಿಯನ್ನು ಕುರಿತು ಬರೆಯ ಹೊರಟಿರುವುದನ್ನು ಕಂಡು ಸಹಪಾಠಿ ಮಿತ್ರರು ನಗಬಹುದು. ಆದರೆ ಅಪ್ಪನ ಕೆರೆಯೆಂದು ನಾವೆಲ್ಲ ಕರೆಯುವ ಶರಣಬಸವೇಶ್ವರ ಕೆರೆಯು ಕಲಬುರಗಿಯ ನಡುವೆಯೇ ಇದೆ. ಆಷಾಢದ ಪಡುವಣ ಗಾಳಿಗೂ ನಮ್ಮಲ್ಲಿ ಬಡತನವಿಲ್ಲ. ಮಾದರಿ ದೋಣಿ ತೇಲಿಸುವವನಿಗೆ ಬೇಕಾದುವು ಇವೆರಡೇ.

ನಾನು ಕಮಲಾಪುರದವನು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮೂರ ಕೆಂಪು ಬಾಳೆಯನ್ನು ವಾಚಕರು ಬಲ್ಲರು. ನನ್ನ ತಂದೆಯವರು ಅನ್ಯರ ಬಾಳೆಯ ತೋಟಗಳಲ್ಲಿ ದುಡಿಯುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಾಲ್ಯದಲ್ಲಿ ಅವರು ಕಡಿದ ಬಾಳೆಯ ಪಟ್ಟೆಗಳನ್ನು ನಾವು ಕಾಲುವೆಯಲ್ಲಿ ತೇಲಿಬಿಡುತ್ತಿದ್ದೆವು. ಆ ಪಟ್ಟೆಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಸಾಲುಸಾಲು ಗಾಳಿಯ ಗೂಡುಗಳು ಕಾಣುವುವು. ಅದು ಮುಳುಗದಿರಲು ಅವೇ ಕಾರಣ. ಅಂದು ನಮಗದು ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ.

ಪರದೇಶಗಳಲ್ಲಿ ಇದು ಮಕ್ಕಳಾಟವೆಂದು ಕಡೆಗಣಿಸುವ ವಿಷಯವಲ್ಲ. ಲಂಡನ್ನಿನ ಕೆನ್ಸಿಂಗ್ಟನ್ ಉದ್ಯಾನದ ದುಂಡುಕೊಳದಲ್ಲಿ ಹಿರಿಯರೂ ದೋಣಿ ಬಿಡುತ್ತ ಬಂದಿದ್ದಾರೆ. ಅಮೆರಿಕೆಯ ಮಾರ್ಬಲ್‌ಹೆಡ್ ಎಂಬ ಊರಿನ ಹೆಸರಿನಲ್ಲಿ 1930ರ ಸುಮಾರಿಗೆ ಒಂದು ವರ್ಗವೇ ಏರ್ಪಟ್ಟಿತು: ದೋಣಿಯ ಉದ್ದ 50 ಅಂಗುಲ, ಹಾಯಿಯ ವಿಸ್ತಾರ 800 ಚದರ ಅಂಗುಲ. ಈಗ ದಡದಲ್ಲಿ ನಿಂತು ರೇಡಿಯೋದಿಂದ ಚುಕ್ಕಾಣಿ ತಿರುಗಿಸುವರು. ನಮ್ಮ ದೇಶದಲ್ಲಿ ಎನ್.ಸಿ.ಸಿ. ನೌಕಾವಿಭಾಗದ ಕೆಡೆಟ್‌ಗಳಿಗೆ ಹಡಗಿನ ಮಾದರಿ ರಚಿಸುವುದು ತರಬೇತಿಯ ಒಂದು ಅಂಗ. ನನ್ನ ದೋಣಿಗೆ ರೇಡಿಯೋ ಇಲ್ಲ. ಕೈಬಿಟ್ಟ ಮೇಲೆ ಅದನ್ನು ತಿದ್ದುವಂತಿಲ್ಲ. ತಿದ್ದುವುದೆಲ್ಲ ದಡದಲ್ಲೇ ಆಗತಕ್ಕದ್ದು.

ಕಳೆದ ವರ್ಷ ವಸತಿನಿಲಯದಲ್ಲಿ ಕೆಲಸ ಆರಂಭಿಸಿದೆನು. ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ 60 ಸೆಂಟಿಮೀಟರ್ ಉದ್ದದ ಒಡಲು, ಬಿದಿರಿನ ಕೂವೆಮರ, ಹರಿದ ಕೊಡೆಯ ಬಟ್ಟೆಯಿಂದ ಎರಡು ಹಾಯಿ. ಎರಡು ಸಲ ಬಣ್ಣ ಬಳಿದೆನು. ಒಟ್ಟು ತೂಕ 450 ಗ್ರಾಂ. ತುಂಬಿ ತುಳುಕುವ ಬೋಗುಣಿಯಲ್ಲಿ ಇಟ್ಟಾಗ ಹೊರಚೆಲ್ಲಿದ ನೀರು, ಒಂದಿಷ್ಟು ನೆಲಕ್ಕೆ ಹೋದದ್ದನ್ನು ಬಿಟ್ಟರೆ, 450 ಮಿಲಿಲೀಟರಿಗೆ ಸಮೀಪವಾಗಿತ್ತು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುವುದೆಂಬ ಆರ್ಕಿಮಿಡೀಸನ ಮಾತನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ನಂಬಿದ್ದು ಅಂದು.

ಅಪ್ಪನ ಕೆರೆಯಲ್ಲಿ ಬಿಟ್ಟೊಡನೆ ದೋಣಿ ಹತ್ತು ಮಾರು ಹೋಗಿ ಮಗುಚಿಕೊಂಡಿತು. ಉದ್ದನೆಯ ಕೋಲಿನಿಂದ ಎಳೆದು ತರುವಾಗ ದಡದಲ್ಲಿದ್ದವರು ನಕ್ಕರು.

ಅದನ್ನು ಚೀಲದಲ್ಲಿ ಮುಚ್ಚಿಟ್ಟು ಊರಿಗೆ ಒಯ್ದೆನು. ತಂದೆಯವರು ಕಳಿಸಿದ ಹಣದಲ್ಲಿ ಓದುವವನು ಹಲಗೆ ಕೆತ್ತುತ್ತಿರುವುದು ಅವರಿಗೆ ತಿಳಿಯಬಾರದೆಂದು ನನ್ನ ಅಳುಕು. ಓದಿದವನ ಕೈಗೆ ಉಳಿ ಸಲ್ಲದೆಂಬ ಭಾವನೆ ಮನೆಯವರಿಗಿಂತ ಹೆಚ್ಚಾಗಿ ನನಗೇ ಇತ್ತೆಂದು ಒಪ್ಪಿಕೊಳ್ಳಬೇಕು. ಚೀಲ ಬಿಚ್ಚಿದವರು ಅವರೇ. ಬೈಯಲಿಲ್ಲ. ಹೊರಳಿಸಿ ಹೊರಳಿಸಿ ನೋಡಿ, ಹೇಗೆ ಬಿತ್ತೆಂದು ಕೇಳಿದರು. ಹೇಳಿದೆನು.

“ತಮ್ಮಾ, ಇದು ಗೊನಿ ಬಿಟ್ಟ ಬಾಳಿ ಆಗ್ಯದ ನೋಡು. ಮ್ಯಾಲ ಭಾರ, ಬುಡಕ ಏನೂ ಇಲ್ಲ. ಬಾಳಿಗಾದ್ರ ಕೋಲು ಕೊಡ್ತೀವಿ. ನೀರಾಗ ಕೋಲು ಎಲ್ಲಿ ನಿಲ್ಲಸ್ತಿ? ಭಾರಾನೇ ಕೆಳಗ ಇಳಸು.”

ಪುಸ್ತಕಗಳು ಹೇಳುವುದೂ ಇದನ್ನೇ. ಗಾಳಿ ಹಾಯಿಯನ್ನು ಓರೆಮಾಡುವಾಗ ತಳದ ಭಾರವು ಸನ್ನೆಕೋಲಿನಂತೆ ದೋಣಿಯನ್ನು ಹಿಂದಕ್ಕೆಳೆದು ನಿಲ್ಲಿಸುವುದು. ಭಾರ ಆಳಕ್ಕಿಳಿದಷ್ಟೂ ಆ ಎಳೆತ ಹೆಚ್ಚುವುದು. ಆದುದರಿಂದ ತೆಳುವಾದ ಹಲಗೆಯನ್ನು ರೆಕ್ಕೆಯಂತೆ ತಳಕ್ಕೆ ಕೂಡಿಸಿ, 18 ಸೆಂಟಿಮೀಟರ್ ಕೆಳಗೆ 450 ಗ್ರಾಂ ಸೀಸವನ್ನು ತಂತಿಯಿಂದ ಬಿಗಿದೆವು. ಸೀಸವು ನೀರಿಗಿಂತ ಹನ್ನೊಂದು ಪಟ್ಟಿಗೂ ಮಿಕ್ಕಿ ತೂಗುವುದರಿಂದ ಇಷ್ಟು ಭಾರವು 40 ಮಿಲಿಲೀಟರಿನಷ್ಟೇ ಜಾಗ ಹಿಡಿಯುವುದು. ಸೀಸವನ್ನು ಮನೆಯಲ್ಲಿ ಕರಗಿಸಲಾಗದು. ಅದರ ಹೊಗೆ ವಿಷ. ಮುಟ್ಟಿದ ಕೈಯನ್ನೂ ತೊಳೆಯಬೇಕು.

ಈ ರೆಕ್ಕೆಗೆ ಇನ್ನೊಂದು ಕೆಲಸವುಂಟು. ಗಾಳಿ ಅಡ್ಡಲಾಗಿ ತಳ್ಳಿದಾಗ ದೋಣಿ ಪಕ್ಕಕ್ಕೆ ಜಾರದಂತೆ ಅದು ನೀರನ್ನು ಒತ್ತಿಹಿಡಿಯುವುದು. ಹಾಗಾಗಿ ದೋಣಿ ಮುಂದಕ್ಕೆ ಸಾಗುವುದು. ಎದುರು ಗಾಳಿಗೆ ನೇರವಾಗಿ ಹೋಗುವ ಹಾಯಿದೋಣಿ ಲೋಕದಲ್ಲಿಲ್ಲ. ಸುಮಾರು 45 ಅಂಶದ ಓರೆಯಲ್ಲಿ ಅತ್ತಿತ್ತ ಸಾಗಿಯೇ ಮೇಲೇರಬೇಕು.

ಮುಂದೆ ಕೂವೆಮರದ ಸ್ಥಾನ. ಹಾಯಿಯ ಒತ್ತಡದ ನಡುಬಿಂದು ರೆಕ್ಕೆಯ ನಡುಬಿಂದುವಿಗಿಂತ ಬಹಳ ಹಿಂದಿದ್ದರೆ ದೋಣಿ ಗಾಳಿಗೆ ಮುಖಮಾಡಿ ನಿಂತುಬಿಡುವುದು. ಬಹಳ ಮುಂದಿದ್ದರೆ ಬೆನ್ನು ತಿರುಗಿಸಿ ಓಡುವುದು. ಹಾಯಿಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಸೂಜಿಯ ಮೊನೆಯ ಮೇಲೆ ತೂಗಿಸಿದರೆ ಮೊದಲನೆಯದು ಸಿಗುವುದು. ನೀರಿನ ತೊಟ್ಟಿಯಲ್ಲಿ ದೋಣಿಯ ಪಕ್ಕಕ್ಕೆ ಕಡ್ಡಿಯಿಂದ ಒತ್ತುತ್ತ ಹೋದರೆ, ತಿರುಗದೆ ನೆಟ್ಟಗೆ ಸರಿಯುವ ತಾಣವೇ ಎರಡನೆಯದು. ಹಾಯಿಯ ಬಿಂದುವನ್ನು ತುಸು ಮುಂದೆಯೇ ಇಡಬೇಕು, ಏಕೆಂದರೆ ವಾಲಿದ ದೋಣಿಗೆ ಗಾಳಿಯ ಕಡೆ ತಿರುಗುವ ಚಾಳಿ ಇರುವುದು. ಇದಕ್ಕಾಗಿ ನಾನು ಕೂವೆಮರದ ತೂತನ್ನು ಮೂರು ಸಲ ಕೊರೆದೆನು. ಹಳೆಯ ಎರಡು ತೂತುಗಳ ಗುರುತು ಈಗಲೂ ಉಂಟು.

ಮುಂದಿನ ಆಷಾಢದಲ್ಲಿ ತಂದೆಯವರು ಹಣ್ಣಿನ ಗಾಡಿಯೊಡನೆ ಕಲಬುರಗಿಗೆ ಬಂದಾಗ ಇಬ್ಬರೂ ಕೆರೆಗೆ ಹೋದೆವು. ದೋಣಿ ಗಾಳಿಗೆ ವಾಲಿತು, ಹಾಗೆಯೇ ಎದ್ದಿತು, ಎದುರು ದಡದತ್ತ ಸಾಗಿತು. ಅದನ್ನು ಹಿಡಿಯಲು ನಾನು ದಡ ಸುತ್ತಿ ಓಡಿದೆನು. ಗಾಳಿ ತಿರುಗಿದರೆ ಇರಲೆಂದು ಅವರು ಈಚೆ ದಡದಲ್ಲೇ ನಿಂತರು. ಅದು ನಾವೆಣಿಸಿದುದಕ್ಕಿಂತ ಎಡಕ್ಕೆ, ಜೊಂಡಿನಲ್ಲಿ ತಲುಪಿತು. ಎರಡನೆಯ ಸಲ ಬಿಡುವಾಗ ತಂದೆಯವರೇ ಹಾಯಿಯ ದಾರವನ್ನು ಎರಡು ಬೆರಳಿನಷ್ಟು ಸಡಿಲಿಸಿದರು.