ಮೀಟಿಂಗಿಗೆ ಹೋದರೆ ಯಾರಾದರೂ ನೋಡಿಬಿಟ್ಟರೆ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕ, ವಯಸ್ಸು 43. ಹದಿನೈದು ವರ್ಷದ ಕುಡಿತ. ಎರಡು ತಿಂಗಳ ಹಿಂದೆ ಆಸ್ಪತ್ರೆಗೆ ಸೇರಿ ಬಿಟ್ಟು ಬಂದೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ‘ಎಎ ಮೀಟಿಂಗಿಗೂ ಹೋಗಿ’ ಎಂದರು. ನಮ್ಮದು ಸಣ್ಣ ಊರು. ಅಲ್ಲಿ ಮಕ್ಕಳ ಪೋಷಕರೋ ಹಳೇ ಶಿಷ್ಯರೋ ಸಿಕ್ಕರೆ ಮುಖ ಎಲ್ಲಿಡಲಿ? ಚರ್ಚಿನಲ್ಲಿ ನಡೆಯುತ್ತದಂತೆ, ಮನೆಯಲ್ಲಿ ಅದೊಂದು ಅನುಮಾನ. ‘ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಕು, ಮತ್ತೆ ಕುಡುಕರ ಜೊತೆ ಯಾಕೆ ಕೂರ್ತೀರಿ’ ಅನ್ನುತ್ತಾಳೆ ಹೆಂಡತಿ. ಆದರೆ ಸಂಜೆ ಶಾಲೆ ಬಿಟ್ಟ ಮೇಲೆ ನನಗೆ ಕೈಕಾಲೇ ಆಡುವುದಿಲ್ಲ.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೇಷ್ಟ್ರೇ, ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹದಿನೈದು ವರ್ಷ ಕುಡಿದದ್ದು ಊರಿಗೆ ಗೊತ್ತಿಲ್ಲ ಎಂದು ನಂಬಿರುವವರು ಬಹುಶಃ ನೀವೊಬ್ಬರೇ. ಬಾರಿನ ಬಾಗಿಲಲ್ಲಿ ಕಾಡದ ನಾಚಿಕೆ ಮೀಟಿಂಗಿನ ಬಾಗಿಲಲ್ಲಿ ಕಾಡುತ್ತಿದೆ. ಅಲ್ಲಿ ಹಳೇ ಶಿಷ್ಯ ಸಿಕ್ಕರೆ ಅವನೂ ನಿಮ್ಮ ಕಷ್ಟ ಹೊತ್ತೇ ಬಂದಿರುತ್ತಾನೆ. ನಿಮ್ಮನ್ನು ಕಂಡು ಅವನೇ ಮೊದಲು ಬೆವರಿಯಾನು. ಹಾಜರಿ ಪುಸ್ತಕ ಇರುವುದಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ, ಒಳಗೆ ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಕಟ್ಟುನಿಟ್ಟು. ಎಲ್ಲರೂ ಪಾಲಿಸುತ್ತಾರೆಂದು ನಾನು ಬರೆದುಕೊಡಲಾರೆ, ಅವರೂ ಮನುಷ್ಯರೇ. ಅಳುಕು ಜಾಸ್ತಿಯಿದ್ದರೆ ಮೊದಮೊದಲು ಬೇರೆ ಊರಿನ ಮೀಟಿಂಗಿಗೆ ಬಸ್ಸು ಹತ್ತಿ.

ನಿಮ್ಮ ಮನೆಯವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಎಎ, ಅಂದರೆ ಕುಡಿತ ಬಿಡಲು ಹೊರಟವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್, ಹುಟ್ಟಿದ ಬಗೆಯಲ್ಲೇ ಇದೆ. 1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಓಹಾಯೋ ರಾಜ್ಯದ ಆ್ಯಕ್ರನ್‌ಗೆ ಬಂದಿದ್ದಾಗ ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಂಟಿ, ಪಕ್ಕದಲ್ಲೇ ಬಾರು. ಆಗ ಅವನಿಗೆ ಬೇಕೆನಿಸಿದ್ದು ಉಪದೇಶ ಮಾಡುವವನಲ್ಲ, ತನ್ನಂಥ ಇನ್ನೊಬ್ಬ ಕುಡುಕ. ಅಲ್ಲಿಂದಲೇ ಪಾದ್ರಿಗಳಿಗೆ ಫೋನ್ ಮಾಡುತ್ತ ಹೋದ. ಕೊನೆಗೆ ಭೇಟಿಯಾದದ್ದು ತನ್ನಂತೆಯೇ ಕುಡಿತಕ್ಕೆ ಬಿದ್ದಿದ್ದ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಹದಿನೈದೇ ನಿಮಿಷ ಎಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಕುಡಿತ ಬಿಟ್ಟ ಮೇಲೂ ಅವರು ಒಮ್ಮೆ ಮತ್ತೆ ಕುಡಿದರು. ಜೂನ್ 10ರಂದು ಕೊನೆಯದಾಗಿ ಕುಡಿದು ನಿಲ್ಲಿಸಿದರು. ಆ ದಿನವನ್ನೇ ಎಎ ತನ್ನ ಹುಟ್ಟುಹಬ್ಬವೆಂದು ಎಣಿಸುತ್ತದೆ. ಕುಡಿತವನ್ನು ಬಲ್ಲವನ ಎದುರು ಸುಳ್ಳು ನಡೆಯುವುದಿಲ್ಲ, ನಿಜ ಹೇಳಿದರೆ ಅವಮಾನವೂ ಆಗುವುದಿಲ್ಲ. ಹೆಂಡತಿಯ ಎದುರು ಈ ಎರಡೂ ಕಷ್ಟ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಗಾಗಿ 27 ಅಧ್ಯಯನಗಳನ್ನು ಒರೆಗೆ ಹಚ್ಚಿದವರು, ಕುಡಿಯದೆ ಉಳಿಯುವ ವಿಷಯದಲ್ಲಿ ಎಎ ದಾರಿ ಇತರ ಹೆಸರಾಂತ ಚಿಕಿತ್ಸೆಗಳಿಗಿಂತ ಹಿಂದೆ ಬೀಳುವುದಿಲ್ಲ, ಹಲವು ಕಡೆ ಮುಂದೆಯೇ ಇದೆ ಎಂದರು. ಮನೆಯಾಕೆಗೆ ಇದನ್ನು ಓದಿ ಹೇಳಿ.

ಚರ್ಚಿನ ಸಂಗತಿ ಇಷ್ಟೇ: ಕಡಿಮೆ ಬಾಡಿಗೆಗೆ ಸಂಜೆ ಹೊತ್ತು ಕೋಣೆ ಬಿಟ್ಟುಕೊಡುವವರು ಅವರು. ಶಾಲೆಗಳಲ್ಲೂ ಮೀಟಿಂಗ್ ನಡೆಯುತ್ತವೆ. ದೇವರ ಮಾತು ಬರುತ್ತದೆ, ನಿಜ. ಆದರೆ ಅವರವರು ತಿಳಿದ ದೇವರು. ನಿಮ್ಮ ಮಂಜುನಾಥನೂ ಆದೀತು. ಕಿರಿಕಿರಿಯಾದರೆ ಆ ಭಾಗ ಕಿವಿ ಮೇಲೆ ಹಾಕಿಕೊಳ್ಳಬೇಡಿ.

ಹುಡುಕುವುದು ಹೇಗೆ? ನಿಮ್ಮ ಡಾಕ್ಟರನ್ನೇ, ಅದಕ್ಕಿಂತ ಹೆಚ್ಚಾಗಿ ಆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಯಾವ ವಾರ ಎಲ್ಲಿ ಎಂಬುದು ಅವರ ಬಾಯಲ್ಲೇ ಇರುತ್ತದೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲೂ ವಿಚಾರಿಸಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮೀಟಿಂಗಿನವರ ಫೋನ್ ನಂಬರ್ ಸಿಕ್ಕರೆ ಮುಖ್ಯವಾಗಿ ಕೇಳಬೇಕಾದ್ದು: ಕನ್ನಡದಲ್ಲಿ ನಡೆಯುತ್ತದೆಯೇ, ಮನೆಯವರೂ ಬರಬಹುದಾದ ‘ಓಪನ್’ ಮೀಟಿಂಗೋ ಅಥವಾ ಕುಡಿತದವರಿಗಷ್ಟೇ ಮೀಸಲಾದ ‘ಕ್ಲೋಸ್ಡ್’ ಮೀಟಿಂಗೋ. ಹತ್ತಿರದಲ್ಲಿ ಯಾವುದೂ ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗ್ ಇವೆ. ನಮ್ಮ ಹಳ್ಳಿಗಳಲ್ಲಿ ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳೂ ಇವೆ. ಎಎ ಹಿಡಿಸದವರಿಗೆ ಅದೂ ಒಂದು ಆಸರೆ.

ಮೊದಲ ದಿನ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತು ಬಂದರೂ ಆಯಿತು. ಮಾತಾಡಲೇಬೇಕೆಂದಿಲ್ಲ, ಶುಲ್ಕವಿಲ್ಲ, ಕೊನೆಗೆ ಕಾಣಿಕೆಯ ಡಬ್ಬಿ ಸುತ್ತುತ್ತದೆ, ಹಾಕದಿದ್ದರೆ ಯಾರೂ ಕೇಳುವುದಿಲ್ಲ. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದು ನೋಡಿ. ನಾಲ್ಕಾರು ಸಲ ಹೋಗದೆ ತೀರ್ಪು ಕೊಡಬೇಡಿ.

ಎರಡು ಎಚ್ಚರಿಕೆ. ಮೀಟಿಂಗಿನಲ್ಲಿ ಯಾರಾದರೂ ‘ಮಾತ್ರೆ ಬಿಡಿ’ ಎಂದರೆ ಕೇಳಬೇಡಿ. ಸದಸ್ಯರು ಡಾಕ್ಟರಾಗಬಾರದು ಎಂದು ಎಎ ತಾನೇ ಹೇಳುತ್ತದೆ. ಮತ್ತೆ ಕುಡಿತ ಶುರುವಾಗಿ ಕೆಲವು ದಿನ ಬಿಡದೆ ಕುಡಿದರೆ, ಹಟದಿಂದ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಬುದ್ಧಿಭ್ರಮಣೆಯಾಗಿ ಜೀವಕ್ಕೇ ಅಪಾಯವಾಗಬಹುದು. ನೇರ ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯವರಿಗೂ ಒಂದು ಮಾತು. ಕುಡಿಯುವವರ ಕುಟುಂಬದವರಿಗಾಗಿಯೇ ಅಲ್-ಅನಾನ್ ಎಂಬ ಗುಂಪಿದೆ. 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಬಿಲ್‌ನ ಹೆಂಡತಿ ಲೋಯಿಸ್ ಒಬ್ಬರು. ಹದಿನೈದು ವರ್ಷ ನಿದ್ದೆಗೆಟ್ಟವರು ನಿಮ್ಮ ಮನೆಯವರೂ ಹೌದಲ್ಲ?

ನಿಮಗೆ ಕಷ್ಟದ ಹೊತ್ತು ಸಂಜೆ. ಮೀಟಿಂಗುಗಳು ಹೆಚ್ಚಾಗಿ ನಡೆಯುವುದೂ ಸಂಜೆಯೇ. ನಾಳೆ ಶಾಲೆ ಬಿಟ್ಟ ತಕ್ಷಣ, ಮನೆಗೆ ಹೊರಡುವ ಮೊದಲು, ಆಸ್ಪತ್ರೆಗೆ ಆ ಒಂದು ಫೋನ್ ಮಾಡಿ.