ಹತ್ತಾಜೋಡಿ ಯಾವ ಗಿಡದ ಬೇರು?

ಭೋಗಭೂಮಿಯಲ್ಲಿ ಗೃಹಾಂಗ, ಭೋಜನಾಂಗ, ವಸ್ತ್ರಾಂಗ, ಜ್ಯೋತಿರಂಗ ಮೊದಲಾದ ಹತ್ತು ಬಗೆಯ ಕಲ್ಪವೃಕ್ಷಗಳಿದ್ದುವೆಂದು ಆಚಾರ್ಯ ಜಿನಸೇನರ ಆದಿಪುರಾಣವು ಹೇಳುತ್ತದೆ. ಅವು ಮರೆಯಾದ ಮೇಲೆಯೇ ಭಗವಾನ್ ವೃಷಭದೇವರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರು. ಹಾಗಿರುವಾಗ, ಬೇಡಿದ್ದನ್ನು ಕೊಡುವ ಬೇರನ್ನು ಇಂದು ಮಾರುವವರಿಗೆ ಅದು ಎಲ್ಲಿ ದೊರೆಯಿತು?

ಹರಿಪುರದ ಹಗೇವುಗಳಲ್ಲಿ ಅರಿಸಿನ ತುಂಬಿಟ್ಟು ವ್ಯಾಪಾರ ಮಾಡಿದ ಈ ಭಾಗದ ವರ್ತಕರು ಕೊಂಬನ್ನು ಮುರಿದು ನೋಡದೆ ಬೆಲೆ ಕಟ್ಟುವವರಲ್ಲ. ಹತ್ತಾಜೋಡಿಯ ವಿಷಯದಲ್ಲಿಯೂ ಅದೇ ಎಚ್ಚರ ಬೇಕು. ಕೈಮುಗಿದ ಆಕಾರದ ಈ ವಸ್ತುವನ್ನು ಕಾಡಿನ ಅಪರೂಪದ ಗಿಡದ ಬೇರೆಂದು ಮಾರುತ್ತಾರೆ. ಸಿಂದೂರ, ಲವಂಗಗಳೊಡನೆ ಬೆಳ್ಳಿಯ ಡಬ್ಬಿಯಲ್ಲಿಟ್ಟು ತಿಜೋರಿಯಲ್ಲಿರಿಸಿದರೆ ಲಕ್ಷ್ಮಿ ನೆಲೆಸುವಳೆನ್ನುತ್ತಾರೆ.

ಅದು ಬೇರೇ ಅಲ್ಲ. ವರ್ಲ್ಡ್ ಅನಿಮಲ್ ಪ್ರೊಟೆಕ್ಷನ್ ಸಂಸ್ಥೆಯವರೂ ಬ್ರಿಟನ್ನಿನ ಸಂಶೋಧಕರೂ 2017ರಲ್ಲಿ ಇದರ ನಿಜವನ್ನು ಬಯಲಿಗೆ ತಂದರು. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಅದು ಗಂಡು ಉಡದ ಒಣಗಿಸಿದ ಜನನಾಂಗವೆಂದು ತಿಳಿಯಿತು. ಕೆಲವಂತೂ ಪ್ಲಾಸ್ಟಿಕ್ಕಿನ ಅಚ್ಚುಗಳು! ಹಣ ಹೋದರೂ ಆ ಪ್ಲಾಸ್ಟಿಕ್ಕಿನಿಂದ ಪಾಪವಾದರೂ ಬಾರದು.

ಧರ್ಮಬಂಧುಗಳು ಯೋಚಿಸಬೇಕು. ಅನಂತ ಜೀವರಾಶಿಯಿದೆಯೆಂದು ಕಂದಮೂಲವನ್ನೇ ತ್ಯಜಿಸಿದ ಶ್ರಾವಕರ ಮನೆಯಲ್ಲಿ ಬೇರೆಂಬ ಹೆಸರಿನಿಂದ ಪಂಚೇಂದ್ರಿಯ ಜೀವಿಯ ಅಂಗಕ್ಕೆ ಧೂಪ ಹಾಕಿದಂತಾಗುತ್ತದೆ. ತಾನು ಕೊಲ್ಲಲಿಲ್ಲವೆಂದರೆ ಸಾಲದು. ಕೃತ, ಕಾರಿತ, ಅನುಮೋದನೆ ಮೂರೂ ಹಿಂಸೆಯೇ. ಕೊಳ್ಳುವವನಿದ್ದಾನೆಂದೇ ಉಡಕ್ಕೆ ಉರುಳು ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಉಡವು ಸೇರಿದೆ. ಅದರ ಅಂಗವನ್ನು ಮಾರುವುದಷ್ಟೇ ಅಲ್ಲ, ಬಳಿಯಲ್ಲಿಟ್ಟುಕೊಳ್ಳುವುದೂ ಅಪರಾಧ.