ರಾಷ್ಟ್ರ ಕಟ್ಟುವ ಆಟ: ಹಳೆಯ ಅಲಯನ್ಸ್‌ಗೆ ಹೊಸಬರು ಸೇರುವುದು ಹೇಗೆ?

‘ಪಾಲಿಟಿಕ್ಸ್ ಆ್ಯಂಡ್ ವಾರ್’ ಆಟದಲ್ಲಿ ದಿನ ಬದಲಾಗುವುದು ಗ್ರೀನ್‌ವಿಚ್‌ನ ನಡುರಾತ್ರಿಗೆ. ನಮ್ಮ ಗಡಿಯಾರದಲ್ಲಿ ಆಗ ಬೆಳಗಿನ 5.30. ದಿನಕ್ಕೆ ಇಷ್ಟೇ ಸೈನಿಕರು, ಇಷ್ಟೇ ಟ್ಯಾಂಕು ಎಂಬ ಖರೀದಿಯ ಮಿತಿ ಸಾಮಾನ್ಯವಾಗಿ ಆ ಹೊತ್ತಿಗೆ ಹೊಸದಾಗುತ್ತದೆ. ಅದಕ್ಕೆ ಸ್ವಲ್ಪ ಮೊದಲೊಮ್ಮೆ, ಸ್ವಲ್ಪ ನಂತರವೊಮ್ಮೆ ಕೊಂಡವರ ಕೈಗೆ ಎರಡು ದಿನದ ಸೇನೆ ಒಟ್ಟಿಗೆ ಬರುತ್ತದೆ. ದೊಡ್ಡ ದಾಳಿಗಳಿಗೆ ಆಟಗಾರರ ಒಕ್ಕೂಟಗಳಾದ ಹಳೆಯ ಅಲಯನ್ಸ್‌ಗಳು ಈ ಗಳಿಗೆಯನ್ನು ಆರಿಸಿಕೊಳ್ಳುವುದು ಇದಕ್ಕಾಗಿಯೇ. ಇನ್ನು, ನಮ್ಮ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಮೆರಿಕದ ಆಟಗಾರರು ಗಾಢ ನಿದ್ರೆಯಲ್ಲಿರುತ್ತಾರೆ. ಪುಣೆಯ ಕರ್ವೆನಗರದ ಪಿಜಿಯಲ್ಲೋ ಹಿಂಜವಡಿಯ ಕಂಪನಿಯ ಬಿಡುವಿನಲ್ಲೋ ಆಡುವ ನಿಮಗೆ ಮೊದಲ ದಿನ ಇರುವುದು ಒಂದೇ ಒಂದು ನಗರ. ಆದರೆ ಉಳಿದವರು ಮಲಗಿರುವಾಗ ನೀವು ಎಚ್ಚರವಿರುತ್ತೀರಿ. ಅಲಯನ್ಸ್‌ಗೆ ನೀವು ಕೊಡಬಹುದಾದ ಮೊದಲ ಬಂಡವಾಳ ಅದು.

ಯಾವ ಆಟ ಎಂಬುದನ್ನು ಮೊದಲು ತೀರ್ಮಾನಿಸಿ. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತಮ್ಮ ಕಾದಂಬರಿಯ ಪ್ರಚಾರಕ್ಕೆಂದು 2002ರಲ್ಲಿ ಶುರುಮಾಡಿದ ‘ನೇಷನ್‌ಸ್ಟೇಟ್ಸ್’ನಲ್ಲಿ ಸೇನೆ ಜಮಾಯಿಸುವ ಕೆಲಸವಿಲ್ಲ, ಅಲ್ಲಿ ಎಲ್ಲವೂ ಮಾತು, ಮತ, ಬೆಂಬಲ. ಯುದ್ಧವೂ ವ್ಯಾಪಾರವೂ ಬೇಕೆನ್ನುವವರಿಗೆ 2014ರ ‘ಪಾಲಿಟಿಕ್ಸ್ ಆ್ಯಂಡ್ ವಾರ್’ ಇದೆ. ಎರಡೂ ಬ್ರೌಸರಿನಲ್ಲೇ ನಡೆಯುತ್ತವೆ, ಆ್ಯಪ್ ಬೇಕಿಲ್ಲ. ಆ್ಯಪ್ ಆಟಗಳು ಒಮ್ಮೆಲೇ ಕೈತಪ್ಪಬಹುದು: 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ‘ಕ್ಲಾಷ್ ಆಫ್ ಕಿಂಗ್ಸ್’ ಇತ್ತು, ಸೆಪ್ಟೆಂಬರ್‌ನ 118ರ ಪಟ್ಟಿಯಲ್ಲಿ ‘ರೈಸ್ ಆಫ್ ಕಿಂಗ್‌ಡಮ್ಸ್’ ಇತ್ತು. ವರ್ಷಗಟ್ಟಲೆ ಕಟ್ಟಿದ ಗುಂಪನ್ನು ಕಳೆದುಕೊಂಡ ನೋವು ಅವನ್ನು ಆಡಿದವರಿಗೆ ಗೊತ್ತು.

ಅಲಯನ್ಸ್ ಆರಿಸುವಾಗ ರ್‍ಯಾಂಕ್ ಪಟ್ಟಿಯ ತುದಿಯಲ್ಲಿರುವ ಹೆಸರಿಗೆ ಮರುಳಾಗಬೇಡಿ. ಅಲ್ಲಿನ ಅತಿ ಚಿಕ್ಕ ಸದಸ್ಯರ ಪುಟ ತೆರೆದು ನೋಡಿ. ತಿಂಗಳಿಂದ ಅವರ ನಗರಗಳು ಹೆಚ್ಚಿವೆಯೇ? ಅವರ ಮೇಲೆ ದಾಳಿಯಾದಾಗ ದೊಡ್ಡವರು ತಿರುಗಿ ಬಿದ್ದಿದ್ದಾರೆಯೇ? ಯುದ್ಧಗಳ ದಾಖಲೆ ಎಲ್ಲರಿಗೂ ಕಾಣುವಂತೆಯೇ ಇರುತ್ತದೆ, ಹತ್ತು ನಿಮಿಷ ಓದಿದರೆ ಸಾಕು. ತೆರಿಗೆಯ ಬಗ್ಗೆಯೂ ಮೊದಲೇ ಕೇಳಿ. ಹೊಸಬರಿಂದ ನೂರಕ್ಕೆ ನೂರು ತೆರಿಗೆ ತೆಗೆದುಕೊಳ್ಳುವ ಅಲಯನ್ಸ್‌ಗಳಿವೆ. ಕೇಳಿದ ಕೂಡಲೇ ಓಡಿಹೋಗಬೇಕಿಲ್ಲ. ಆ ಹಣದಿಂದ ನಿಮಗೇ ನಗರ ಕಟ್ಟಿಕೊಡುವ ಪದ್ಧತಿಯಿದ್ದರೆ ಒಬ್ಬರೇ ಬೆಳೆಯುವುದಕ್ಕಿಂತ ಬೇಗ ಬೆಳೆಯುತ್ತೀರಿ. ಹಣ ಎಷ್ಟು ದಿನಕ್ಕೆ, ಯಾವ ರೂಪದಲ್ಲಿ ಹಿಂತಿರುಗುತ್ತದೆ ಎಂಬುದಕ್ಕೆ ನೇರ ಉತ್ತರ ಸಿಗದಿದ್ದರೆ ಮಾತ್ರ ಬೇರೆ ಬಾಗಿಲು ನೋಡಿ.

ಅರ್ಜಿ ಚಿಕ್ಕದಿರಲಿ. ರಾಷ್ಟ್ರದ ಲಿಂಕ್, ಹಿಂದೆ ಯಾವ ಅಲಯನ್ಸ್‌ನಲ್ಲಿದ್ದಿರಿ, ಯಾಕೆ ಬಿಟ್ಟಿರಿ, ಭಾರತೀಯ ಕಾಲಮಾನದಲ್ಲಿ ಯಾವ ಹೊತ್ತಿಗೆ ಸಿಗುತ್ತೀರಿ: ಇಷ್ಟು ಬರೆಯಿರಿ. ಹಳೆಯ ಜಗಳವಿದ್ದರೆ ಮುಚ್ಚಿಡಬೇಡಿ. ಈ ಆಟಗಳಲ್ಲಿ ಗೂಢಚಾರರನ್ನು ಒಳಗೆ ಬಿಡುವುದು ನಿತ್ಯದ ತಂತ್ರ, ಹಾಗಾಗಿ ಸಂದರ್ಶನದಲ್ಲಿ ನಿಮ್ಮ ಹಿನ್ನೆಲೆಯನ್ನು ಕೆದಕಿಯೇ ಕೆದಕುತ್ತಾರೆ. ಸಾಧ್ಯವಿಲ್ಲದ ವೇಳೆಯನ್ನು ಒಪ್ಪಿಕೊಳ್ಳಬೇಡಿ, ಬೆಳಗಿನ 5.30ಕ್ಕೆ ಏಳುವುದು ಯುದ್ಧದ ದಿನಕ್ಕಿರಲಿ, ದಿನವೂ ನಿದ್ದೆಗೆಡುವಷ್ಟು ದೊಡ್ಡದಲ್ಲ ಯಾವ ಆಟವೂ.

ಸೇರಿದ ಮೊದಲ ವಾರಗಳ ವಿಷಯದಲ್ಲಿ ಪುಣೆಯವರಿಗೆ ಬೇರೆ ಪಾಠ ಬೇಡ. ಗಣೇಶೋತ್ಸವಕ್ಕೆ ಎಷ್ಟೋ ವಾರ ಮೊದಲೇ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ಪಥಕಗಳ (ವಾದ್ಯತಂಡಗಳ) ತಾಲೀಮು ಶುರುವಾಗುತ್ತದೆ. ಹೊಸಬರು ಅಲ್ಲಿ ತಾಳಕ್ಕೆ ಕೈ ಕೂಡಿಸಿದ ಮೇಲೆಯೇ ಮೆರವಣಿಗೆಯ ಸಾಲಿಗೆ ಬರುವುದು. ಇಲ್ಲಿಯೂ ಮಾರ್ಗದರ್ಶಿಯೊಬ್ಬರನ್ನು ಕೇಳಿ ಪಡೆಯಿರಿ. ಅವರು ಕೊಟ್ಟ ನಗರದ ನಕ್ಷೆಯನ್ನು ಹಾಗೆಯೇ ಕಟ್ಟಿ. ‘ಪಾಲಿಟಿಕ್ಸ್ ಆ್ಯಂಡ್ ವಾರ್’ನಲ್ಲಿ ಹೊಸ ರಾಷ್ಟ್ರ ಬೀಜ್ ಬಣ್ಣದಲ್ಲಿ ಆರಂಭವಾಗುತ್ತದೆ, ಆ ಬಣ್ಣವಿರುವವರೆಗೆ ಯಾರೂ ನಿಮ್ಮ ಮೇಲೆ ಯುದ್ಧ ಸಾರುವಂತಿಲ್ಲ. ಕುತೂಹಲಕ್ಕೆ ಬಣ್ಣ ಬದಲಿಸಿ ಈ ರಕ್ಷಣೆಯನ್ನು ಕಳೆದುಕೊಳ್ಳಬೇಡಿ. ಆಟ ನಿಲ್ಲಿಸಿದವರ ರಾಷ್ಟ್ರಗಳನ್ನು ಲೂಟಿ ಮಾಡಿ ಸಂಪಾದಿಸುವುದನ್ನು ಬಹಳಷ್ಟು ಕಡೆ ಹೊಸಬರಿಗೆ ಕಲಿಸುತ್ತಾರೆ, ಆದರೆ ಗುರಿಯ ಅಲಯನ್ಸ್ ಯಾವುದು, ಅದರ ಜೊತೆ ನಮಗೆ ಒಪ್ಪಂದವಿದೆಯೇ ಎಂದು ಕೇಳದೆ ಕೈ ಹಾಕಿದರೆ ಪರಿಹಾರ ತೆರಬೇಕಾದುದು ಇಡೀ ಗುಂಪು.

ಪಿಜಿಯಲ್ಲಿರುವವರು ಇದನ್ನು ಗಮನವಿಟ್ಟು ಓದಿ. ಈ ಆಟಗಳಲ್ಲಿ ಒಬ್ಬರು ಹಲವು ಖಾತೆ ನಡೆಸುವುದಕ್ಕೆ ಕಟ್ಟುಪಾಡುಗಳಿವೆ: ‘ಪಾಲಿಟಿಕ್ಸ್ ಆ್ಯಂಡ್ ವಾರ್’ನಲ್ಲಿ ಒಬ್ಬರಿಗೆ ಒಂದೇ ರಾಷ್ಟ್ರ, ‘ನೇಷನ್‌ಸ್ಟೇಟ್ಸ್’ನಲ್ಲಿ ಎಷ್ಟು ರಾಷ್ಟ್ರವಿದ್ದರೂ ವರ್ಲ್ಡ್ ಅಸೆಂಬ್ಲಿಗೆ ಒಂದನ್ನೇ ಸೇರಿಸಬಹುದು. ಒಂದೇ ವೈಫೈಯಿಂದ ನೀವೂ ರೂಮ್‌ಮೇಟೂ ಆಡಿದರೆ ಇಬ್ಬರೂ ಒಬ್ಬರೇ ಎಂಬ ಅನುಮಾನ ಬರುತ್ತದೆ, ಖಾತೆಯೇ ಹೋಗಬಹುದು. ಮೊದಲ ದಿನವೇ ಮಾಡರೇಟರ್‌ಗಳಿಗೂ ಅಲಯನ್ಸ್‌ನವರಿಗೂ ತಿಳಿಸಿಬಿಡಿ, ನಿಮ್ಮಿಬ್ಬರ ನಡುವೆ ವ್ಯಾಪಾರ ಇಟ್ಟುಕೊಳ್ಳಬೇಡಿ.

ಅಲಯನ್ಸ್ ಮಾತಾಡಿಕೊಳ್ಳುವ ಡಿಸ್ಕಾರ್ಡ್‌ನ ಒಳಮಾತಿನ ಸ್ಕ್ರೀನ್‌ಶಾಟ್ ಹೊರಗೆ ಕೊಡುವುದಕ್ಕಿಂತ ದೊಡ್ಡ ಅಪರಾಧ ಈ ಲೋಕದಲ್ಲಿಲ್ಲ. ಎಷ್ಟೇ ಆಪ್ತರಾದರೂ ಪಾಸ್‌ವರ್ಡ್, ಫೋನ್ ನಂಬರ್, ಕಂಪನಿಯ ಹೆಸರು ಕೊಡಬೇಡಿ. ಆಟದ ಸಂಪತ್ತನ್ನು ಯುಪಿಐ ಮೂಲಕ ಮಾರುತ್ತೇನೆನ್ನುವವರಿಂದ ದೂರವಿರಿ.

ಬಿಡುವಾಗಲೂ ಕ್ರಮವಿದೆ. ಅಲಯನ್ಸ್ ಬ್ಯಾಂಕಿನ ಸಾಲ ತೀರಿಸಿ, ಕಲಿಸಿದವರಿಗೆ ಹೇಳಿ, ಯುದ್ಧ ನಡೆಯುತ್ತಿದ್ದರೆ ಮುಗಿಯುವವರೆಗೆ ನಿಂತು ಹೊರಡಿ. ಪರೀಕ್ಷೆಗೋ ಊರ ಜಾತ್ರೆಗೋ ಹೋಗುವಾಗ ಬಿಡುವ ಅಗತ್ಯವೇ ಇಲ್ಲ. ವೆಕೇಶನ್ ಮೋಡ್ ಹಾಕಿ, ಎಂದು ಮರಳುತ್ತೀರೆಂದು ಗುಂಪಿಗೆ ಬರೆದಿಡಿ. ‘ನೇಷನ್‌ಸ್ಟೇಟ್ಸ್’ನಲ್ಲಿ ಆ ಮೋಡ್ ಹಾಕದೆ 28 ದಿನ ಲಾಗಿನ್ ಆಗದಿದ್ದರೆ ರಾಷ್ಟ್ರ ಅಸ್ತಿತ್ವದಲ್ಲೇ ಇರುವುದಿಲ್ಲ.